ಸಂಜೆ ಆರರ ಮುಖ

ನನ್ನ ಮಗಳಿಗೆ ಒಂದು ವರ್ಷ ಮೂರು ತಿಂಗಳಾಗಿದ್ದಾಗ ನನಗೆ ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಶಾಲೆ ಇದ್ದದ್ದು ಬೈಲಹೊಂಗಲದ ಹತ್ತಿರದ ಒಂದು ಹಳ್ಳಿಯಲ್ಲಿ. ನನ್ನ ಗಂಡ ಸೈನ್ಯದಲ್ಲಿದ್ದರು, ಆಗ ಅವರು ದೂರದ ಉತ್ತರದ ಗಡಿಯಲ್ಲಿದ್ದರು. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಕೂಸನ್ನು ಯಾರ ಕೈಗೆ ಕೊಟ್ಟು ಶಾಲೆಗೆ ಹೋಗುವುದು ಎಂಬುದೇ ದೊಡ್ಡ ಚಿಂತೆಯಾಯಿತು.

ಆದೇಶದ ಕಾಗದ ಬಂದ ದಿನ ನಾನು ತವರುಮನೆಯಲ್ಲಿ, ಕಟಕೋಳದಲ್ಲಿದ್ದೆ. ಅವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಕಾಗದ ಓದಿ ಹೇಳಿದೆ. ಅವಳು ಮೊರದಲ್ಲಿದ್ದ ಜೋಳವನ್ನು ಕೇರಿ ಮುಗಿಸಿ, ತಲೆ ಎತ್ತದೆ ಅಂದಳು: "ನೀ ಹೋಗು. ಕೂಸು ನನ್ನ ಕಡೆ ಇರಲಿ."

"ನನ್ನ ಬಿಟ್ಟ ಇರತಾಳೇನ ಬೇ?"

"ಆಕಿ ಇರತಾಳ. ನೀ ಇರತೀಯೇನ, ಅದನ್ನ ನೋಡಕೋ."

ಮರುದಿನವೇ ರಾಮದುರ್ಗಕ್ಕೆ ಹೋಗಿ ಅವ್ವನಿಗೆ ಒಂದು ದೊಡ್ಡ ಫೋನು ತಂದೆ. ಅಲ್ಲಿಯತನಕ ಮನೆಯಲ್ಲಿದ್ದದ್ದು ಅಪ್ಪನ ಗುಂಡಿ ಒತ್ತುವ ಹಳೆಯ ಫೋನು ಮಾತ್ರ, ಅದೂ ಅಪ್ಪನ ಜೊತೆ ಹೊಲಕ್ಕೆ ಹೋಗಿಬಿಡುತ್ತಿತ್ತು. ಒಂದಿಡೀ ರವಿವಾರ ಅವ್ವನನ್ನು ಮುಂದೆ ಕೂರಿಸಿಕೊಂಡು ಕಲಿಸಿದೆ. ಹಸಿರು ಗುರುತು ಬಂದರೆ ಮೇಲೆ ಸರಿಸಬೇಕು, ಕೆಂಪು ಒತ್ತಿದರೆ ಕಟ್ಟಾಗುತ್ತದೆ. ಅವ್ವ ನಾಲ್ಕನೆಯ ಇಯತ್ತೆ ಕಲಿತವಳು, ಒಮ್ಮೆ ಹೇಳಿದರೆ ತಿಳಿಯುತ್ತಿತ್ತು. ಆದರೆ ಫೋನು ಅವಳ ಬೆರಳನ್ನು ಗುರುತಿಸುತ್ತಲೇ ಇರಲಿಲ್ಲ. ಕಳೆ ತೆಗೆದು, ರೊಟ್ಟಿ ಬಡಿದು ಅವಳ ಬೆರಳ ತುದಿಗಳು ಅಷ್ಟು ಒರಟಾಗಿದ್ದವು. ನಾಲ್ಕಾರು ಸಲ ಒತ್ತಿ ಬೇಸತ್ತು, ಕೊನೆಗೆ ಕಿರುಬೆರಳಿನ ಗೆಣ್ಣಿನಿಂದ ತಟ್ಟಿದಳು. ಫೋನು ಕೇಳಿತು. ಇವತ್ತಿಗೂ ಅವಳು ಫೋನನ್ನು ಹಾಗೇ ತಟ್ಟುತ್ತಾಳೆ, ಯಾರದೋ ಮನೆಯ ಕದ ಬಡಿದಂತೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆ ಅಡಿಕೆಯ ಚಂಚಿಯಲ್ಲಿ ಒಂದು ಅರೆ ಖಾಲಿ ಮಾಡಿ ಫೋನಿಗೆ ಅಲ್ಲೇ ಜಾಗ ಮಾಡಿದಳು.

ಬೈಲಹೊಂಗಲದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದೆ. ಶಾಲೆ ಮುಗಿಸಿ, ಮುಖ ತೊಳೆದು, ಸಂಜೆ ಆರಕ್ಕೆ ಸರಿಯಾಗಿ ವಿಡಿಯೋ ಕಾಲ್ ಮಾಡುತ್ತಿದ್ದೆ. ಮೊದಲು ಕಾಣುತ್ತಿದ್ದದ್ದು ಅವ್ವನ ಹಣೆಯ ವಿಭೂತಿ, ಆಮೇಲೆ ಮನೆಯ ಜಂತಿ, ಆಮೇಲೆ ಮಗಳು. ಅವಳು "ಮಮ್ಮೀ" ಎಂದು ಕೂಗಿ ಪರದೆಗೆ ಬಾಯಿ ಹಚ್ಚುತ್ತಿದ್ದಳು. ಕೈಯಲ್ಲಿದ್ದ ರೊಟ್ಟಿಯ ಚೂರನ್ನು ನನ್ನ ಬಾಯಿಗೆಂದು ಫೋನಿಗೆ ಒತ್ತುತ್ತಿದ್ದಳು. ಒಮ್ಮೊಮ್ಮೆ ಫೋನನ್ನು ತಿರುವಿ, ಹಿಂದೆ ನಾನು ಇದ್ದೇನೋ ಎಂದು ಬಗ್ಗಿ ನೋಡುತ್ತಿದ್ದಳು. ಆಗ ನನಗೆ ಕಾಣುತ್ತಿದ್ದದ್ದು ಬರೀ ನೆಲ. ಇದನ್ನು ಶಾಲೆಯಲ್ಲಿ ಜೊತೆಯ ಶಿಕ್ಷಕಿಯರಿಗೆ ಹೇಳಿ ನಕ್ಕಿದ್ದೂ ಉಂಟು. ದಿನವಿಡೀ ಎದೆಯ ಮೇಲೆ ಕೂತಿರುತ್ತಿದ್ದ ಭಾರ ಆ ಅರ್ಧ ತಾಸಿನಲ್ಲಿ ಇಳಿದುಹೋಗುತ್ತಿತ್ತು. ಮಗಳನ್ನು ದಿನಾ ನೋಡುತ್ತಿದ್ದೇನಲ್ಲ, ನಾನು ದೂರ ಇದ್ದೇನೆಂದು ಯಾರು ಅನ್ನಬೇಕು ಎಂದುಕೊಂಡಿದ್ದೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಯರಗಟ್ಟಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಕಟಕೋಳಕ್ಕೆ ಹೋಗುತ್ತಿದ್ದೆ. ಮೊದಲೆಲ್ಲ ಮಗಳು ಓಡಿಬಂದು ಕಾಲು ಹಿಡಿಯುತ್ತಿದ್ದಳು. ನಡುವೆ ಎರಡು ಶನಿವಾರ ಪರೀಕ್ಷೆ, ತರಬೇತಿ ಎಂದು ಹೋಗಲಾಗಲಿಲ್ಲ. ಮೂರನೆಯ ಶನಿವಾರ ಹೋದಾಗ ಅವಳು ಅಂಗಳದಲ್ಲಿ ಕೋಳಿಗಳ ಹಿಂದೆ ಓಡಾಡುತ್ತಿದ್ದಳು. ಚೀಲವನ್ನು ಅಲ್ಲೇ ಬಿಟ್ಟು, ಕೂತು, ಎರಡೂ ಕೈ ಚಾಚಿದೆ.

ಅವಳು ನಿಂತು ನನ್ನನ್ನು ನೋಡಿದಳು. ಒಳಗೆ ಓಡಿದಳು. ಅವ್ವನ ಸೊಂಟದ ಚಂಚಿಗೆ ಜೋತುಬಿದ್ದು "ಮಮ್ಮಿ ಕೊಡು, ಮಮ್ಮಿ ಕೊಡು" ಎಂದು ಅಳಹತ್ತಿದಳು. ಅವ್ವ ಏನೂ ತೋಚದೆ ಫೋನು ತೆಗೆದುಕೊಟ್ಟಳು. ಮಗಳು ಅದನ್ನು ಎದೆಗವಚಿಕೊಂಡು ಕಂಬದ ಮರೆಯಲ್ಲಿ ನಿಂತು, ನಾನು ಅದನ್ನು ಕಸಿಯಲು ಬಂದವಳೋ ಎಂಬಂತೆ ನನ್ನನ್ನೇ ನೋಡತೊಡಗಿದಳು.

ನಾನು ಬಚ್ಚಲಿಗೆ ಹೋಗಿ, ಕೊಡದಿಂದ ನೀರು ಸುರುವುವ ಸದ್ದು ಮಾಡುತ್ತ ಅತ್ತೆ. ಅವ್ವ ಕರೆಯಲು ಬರಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಎಲ್ಲ ಮುಗಿಸಿ, ತಾಟು ನನ್ನ ಮುಂದಿಟ್ಟ ಮೇಲೆ ಬಾಯಿ ಬಿಟ್ಟಳು.

"ಸೋಮವಾರದಿಂದ ಸಂಜೀಕ ಮುಖಾ ತೋರಸಬ್ಯಾಡ."

"ನನ್ನ ಮಗಳನ್ನ ನಾ ನೋಡಬಾರದೇನು?"

"ನೋಡಬ್ಯಾಡ ಅನ್ನಲಿಲ್ಲ. ಬಂದು ನೋಡು ಅಂದ್ನಿ."

"ಅಷ್ಟ ದೂರದಿಂದ ದಿನಾ ಹೆಂಗ ಬರಲಿ?"

ಅವ್ವ ಇಷ್ಟು ದಿನ ಬಚ್ಚಿಟ್ಟದ್ದನ್ನು ಹೇಳಿದಳು. "ನೀ ಫೋನ್ ಇಟ್ಟ ಮ್ಯಾಲೆ ಇಲ್ಲೆ ಏನಾಗತೈತಿ ನಿನಗ ಗೊತ್ತಿಲ್ಲ ತಂಗಿ. ಅದನ್ನ ತಗೊಂಡ ತಲಬಾಗಲದಾಗ ಕುಂದರತಾಳ. ಕೈಲೆ ಬಡೀತಾಳ, ಮಮ್ಮೀ ಹೊರಗ ಬಾ ಅಂತಾಳ. ನಿದ್ದಿ ಹತ್ತೂತನಕ ಅಳ್ತಾಳ. ನಿನಗ ಹೇಳಿದ್ರ ನೌಕರಿ ಬಿಟ್ಟ ಬಂದೀ ಅಂತ ಸುಮ್ನಿದ್ನಿ. ಆ ಕೂಸಿಗೆ ಅಪ್ಪ ಅಂದ್ರ ಫೋನಿನಾಂವ. ನೀನೂ ಫೋನಿನಾಕಿ ಆಗಬ್ಯಾಡ."

ಅವಳು ಹೇಳಿದ್ದು ನಿಜವೆಂದು ಗೊತ್ತಾಗಿದ್ದಕ್ಕೇ ಸಿಟ್ಟು ಬಂತು. "ಕೂಸನ್ನ ನಿನ್ನದ ಮಾಡ್ಕೋಬೇಕಂತ ಮಾಡೀ ಏನ ನೀ?" ಎಂದುಬಿಟ್ಟೆ. ಅವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಎದ್ದುಹೋದಳು. ರವಿವಾರ ಸಂಜೆ ಅವಳ ಜೊತೆ ಸರಿಯಾಗಿ ಮಾತಾಡದೆಯೇ ಬಸ್ಸು ಹತ್ತಿದೆ.

ಸೋಮವಾರ ಆರಕ್ಕೆ ವಿಡಿಯೋ ಕಾಲ್ ಮಾಡಿದೆ. ಅವ್ವ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಅಪ್ಪನ ಫೋನಿಗೆ ಹಚ್ಚಿದರೆ, "ಕೂಸು ಆರಾಮ ಐತಿ, ಆಡಾಕ ಹತ್ತೈತಿ. ನಿಮ್ಮವ್ವನ ಮಾತಿನ ನಡುವ ನನ್ನ ಎಳೀಬ್ಯಾಡ" ಎಂದು ಇಟ್ಟುಬಿಟ್ಟ. ಮಂಗಳವಾರವೂ ಎತ್ತಲಿಲ್ಲ. ಮಂಚದ ಮೇಲೆ ಫೋನು ಎಸೆದು, ಅಕ್ಕಿ ತೊಳೆಯುತ್ತ ಕೂತಿದ್ದೆ. ಟಣ್ ಎಂದಿತು. ನೋಡಿದರೆ ಅವ್ವನಿಂದ ಒಂದು ಧ್ವನಿ ಮುದ್ರಿಕೆ ಬಂದಿತ್ತು. ಅದನ್ನು ನಾನು ಅವಳಿಗೆ ಕಲಿಸಿಯೇ ಇರಲಿಲ್ಲ. ಪಕ್ಕದ ಮನೆಯ ಸೊಸೆಯ ಹತ್ತಿರ ಹೋಗಿ ಹೇಳಿಸಿಕೊಂಡಿದ್ದಳೆಂದು ಆಮೇಲೆ ತಿಳಿಯಿತು.

ಮೊದಲು ಬರೀ ಸೀರೆಯ ಸರಬರ. ಎಲ್ಲೋ ಎಮ್ಮೆ ಕೂಗಿದ್ದು. "ಹಲೋ... ಹಲೋ..." ಎಂದು ಕರೆದು, ಯಾರೂ ಓ ಅನ್ನಲಿಲ್ಲವೆಂದು ತಡೆದು, ಆಮೇಲೆ ಅವ್ವ ಶುರು ಮಾಡಿದಳು.

"ಸಿಟ್ಟ ಇಳೀತಿಲ್ಲೋ? ಕೇಳು. ಇವತ್ತ ಮುಂಜಾನೆ ಸಜ್ಜಕ ಮಾಡಿದ್ನಿ, ಎರಡ ಸಲ ಹಾಕಿಸ್ಕೊಂಡ ಉಂಡಾಳ. ಕರುವಿನ ಬಾಲಾ ಹಿಡದು ಒದಿಸ್ಕೊಳ್ಳೂದು ತಪ್ಪಿತು. ಇವತ್ತ ಹೊಸಾ ಮಾತ ಕಲತಾಳ, 'ಗಪ್ ಕುಂದ್ರು' ಅಂತ ನಿಮ್ಮಪ್ಪಗ ಅಂದ್ಲು, ಅಂವ ಗಪ್ ಕುಂತಾನ. ಬಲಗಡೆ ಮ್ಯಾಲಿನ ಹಲ್ಲ ಒಂದ ಹೊಳ್ಯಾಕ ಹತ್ತೈತಿ. ಇವತ್ತ ತಲಬಾಗಲದಾಗ ಕುಂತ ಅಳಲಿಲ್ಲ ಯವ್ವಾ. ಒಮ್ಮೆ ಚಂಚಿ ಮುಟ್ಟಿ ನೋಡಿದ್ಲು, ನಾ ಆಕಡೆ ನೋಡಿದ್ನಿ. ನೀ ಉಂಡೀಯೇನು?"

ಆರು ಗಂಟೆಗೆ ಅರ್ಧ ತಾಸು ನೋಡುತ್ತಿದ್ದಾಗ ನನಗೆ ಇದ್ಯಾವುದೂ ಕಂಡಿರಲಿಲ್ಲ. ಹಲ್ಲು ಸಹ ಕಂಡಿರಲಿಲ್ಲ. ಒಲೆಯ ಮೇಲಿಟ್ಟ ಅನ್ನ ಸೀದುಹೋಗುವತನಕ ಆ ಧ್ವನಿಯನ್ನೇ ಮತ್ತೆ ಮತ್ತೆ ಕೇಳುತ್ತ ಕೂತೆ.

ಮರುದಿನ ಬುಧವಾರ. ಶಾಲೆ ಬಿಟ್ಟವಳು ಕೋಣೆಗೆ ಹೋಗದೆ ನೇರ ಬಸ್ ಸ್ಟ್ಯಾಂಡಿಗೆ ಹೋದೆ. ಕಟಕೋಳ ಮುಟ್ಟಿದಾಗ ದೀಪ ಹಚ್ಚಿದ್ದರು. ಅವ್ವ ಬಾಗಿಲಲ್ಲಿ ನನ್ನನ್ನು ನೋಡಿ, "ಬಂದ್ಯಾ?" ಅಂದಳು. ಯಾಕೆ, ಹೇಗೆ ಎಂದು ಏನೂ ಕೇಳಲಿಲ್ಲ. ಮಗಳು ನನ್ನ ಅಪ್ಪನ ತೊಡೆಯ ಮೇಲೆ ಕೂತಿದ್ದಳು. ನಾನು ಕೈ ಚಾಚಲು ಹೋದೆ. ಅವ್ವ ತಡೆದಳು.

"ಕರೀಬ್ಯಾಡ. ಸುಮ್ನ ಕುಂದ್ರು."

ಶೇಂಗಾ ತುಂಬಿದ ಬುಟ್ಟಿಯನ್ನು ನನ್ನ ಮುಂದೆ ಸರಿಸಿದಳು. ನಾನು ನೆಲಕ್ಕೆ ಕಣ್ಣು ನೆಟ್ಟು ಶೇಂಗಾ ಸುಲಿಯತೊಡಗಿದೆ. ಎಷ್ಟೋ ಹೊತ್ತಾದ ಮೇಲೆ ಒಂದು ಸಣ್ಣ ಪಾದ ಬುಟ್ಟಿಯ ಪಕ್ಕಕ್ಕೆ ಬಂತು. ಸಣ್ಣ ಕೈಯೊಂದು ಒಂದು ಕಾಳು ಎತ್ತಿತು. ನಾನು ತಲೆ ಎತ್ತಲಿಲ್ಲ. ಅವಳು ನನ್ನ ಕಿವಿಯೋಲೆ ಮುಟ್ಟಿದಳು, ಕೆನ್ನೆ ಮುಟ್ಟಿದಳು. ಆಮೇಲೆ ಮೆಲ್ಲಗೆ ಸುತ್ತು ಹಾಕಿ ನನ್ನ ಬೆನ್ನ ಹಿಂದೆ ಹೋದಳು. ಹಿಂದೆ ಏನಿದೆಯೆಂದು ನೋಡಲು ಹೋದಳೆಂದು ತಿಳಿದು ನನ್ನ ಕೈ ನಿಂತುಹೋಯಿತು. ಅಲ್ಲಿ ಅವಳಿಗೆ ನನ್ನ ಜಡೆ ಸಿಕ್ಕಿತು. ಅದನ್ನು ಹಿಡಿದು ಎಳೆದು ಕಿಲಕಿಲ ನಕ್ಕಳು. "ಮಮ್ಮಿ" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅವ್ವ ಶೇಂಗಾ ಬುಟ್ಟಿ ಪಕ್ಕಕ್ಕಿಟ್ಟು, "ಕಾಳ ಕಿಂತ ಸಿಪ್ಪಿ ಜಾಸ್ತಿ ಹಾಕೀ ಬುಟ್ಟಿಗೆ" ಎಂದು ಬೈದಳು.

ಅಂದಿನಿಂದ ಎರಡು ವರ್ಷ, ಶನಿವಾರದ ಜೊತೆಗೆ ಬುಧವಾರವೂ ಹೋಗಿ, ಗುರುವಾರ ಬೆಳಗಿನ ಮೊದಲ ಬಸ್ಸಿಗೆ ತಿರುಗಿ ಬರುತ್ತಿದ್ದೆ. ಉಳಿದ ದಿನ ಅವ್ವನ ಧ್ವನಿ ಬರುತ್ತಿತ್ತು. ನನ್ನ ಗಂಡನಿಗೂ ಅವಳು ಅದನ್ನೇ ಹೇಳಿದಳು. "ಅಳಿಯಾರ, ಮುಖಾ ರಜಾಕ್ಕ ಬಂದಾಗ ತೋರಸ್ರಿ. ಈಗ ದಿನಾ ಒಂದ ಕತಿ ಹೇಳಿ ಕಳಸ್ರಿ ಸಾಕು." ಅವರು ಪಾಪ, ಕತೆ ಬಾರದವರು. ತಮ್ಮ ಟೆಂಟಿನ ಬಳಿ ಬರುವ ನಾಯಿಯ ಸುದ್ದಿಯನ್ನೇ ದಿನಾ ಒಂದಿಷ್ಟು ಹೇಳಿ ಕಳಿಸುತ್ತಿದ್ದರು. ಮಗಳಿಗೆ ನೀರು ಎರೆಯುವ ಹೊತ್ತಿಗೆ ಅವ್ವ ಫೋನನ್ನು ಬಚ್ಚಲ ಗೂಡಿನಲ್ಲಿಟ್ಟು ಅದನ್ನು ಹಚ್ಚುತ್ತಿದ್ದಳು. ತಲೆಗೆ ನೀರು ಬಿದ್ದರೂ ಮಗಳು ಅಳದೆ ಕೇಳುತ್ತಿದ್ದಳು. ರಜೆಗೆ ಬಂದ ಅವರನ್ನು ನೋಡಿ ಅವಳು ಒಂದು ದಿನ ಪೂರ್ತಿ ದೂರವೇ ಉಳಿದಳು. ಎರಡನೆಯ ದಿನ ಮೆಲ್ಲಗೆ ಹತ್ತಿರ ಬಂದು, "ನಾಯಿ ಎಲ್ಲೈತಿ?" ಎಂದು ಕೇಳಿದಳು.

ಮಗಳಿಗೆ ಮೂರೂವರೆ ತುಂಬಿದಾಗ ಬೈಲಹೊಂಗಲದಲ್ಲಿ ಒಳ್ಳೆಯ ಮನೆ ಸಿಕ್ಕಿತು. ಎದುರಿಗೇ ಅಂಗನವಾಡಿ, ಮಧ್ಯಾಹ್ನದ ಮೇಲೆ ನೋಡಿಕೊಳ್ಳಲು ಮನೆಯ ಒಡತಿ ತಾನಾಗಿ ಒಪ್ಪಿದರು. ಕರೆದುಕೊಂಡು ಹೊರಟ ದಿನ ಅವ್ವ ಅಂಗಿ ಮಡಚಿದಳು, ಉಂಡಿ ಕಟ್ಟಿದಳು, ಬಸ್ಸು ಬರುವತನಕ ಒಂದೇ ಸಮನೆ ಮಾತಾಡಿದಳು. ಬಸ್ಸು ಹೊರಟಾಗ ಮಾತ್ರ ಬೇರೆ ಕಡೆ ತಿರುಗಿ ಯಾರನ್ನೋ ಕರೆದಳು. ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ನಾಲ್ಕು ದಿನ ಅವಳಿಂದ ಏನೂ ಬರಲಿಲ್ಲ. ಮಗಳು ಅಜ್ಜಿಯನ್ನು "ಆಯೀ" ಎಂದು ಕರೆದು ಮಾತಾಡಿದ್ದನ್ನು ಕಳಿಸಿದೆ. ಕೇಳಿದ್ದಾಳೆಂದು ನೀಲಿ ಗುರುತು ಮಾತ್ರ ಬಂತು. ಐದನೆಯ ದಿನ ನಾನೇ ಫೋನು ಮಾಡಿದೆ.

"ಯವ್ವಾ, ಕೂಸನ್ನ ತೋರಸ್ಲೇನು? ವಿಡಿಯೋ ಹಚ್ಚತೇನಿ."

"ಬ್ಯಾಡ ತಂಗಿ. ನೋಡಿದ್ರ ಕರಳ ಕಿತ್ತ ಬರತೈತಿ." ಅವಳ ದನಿ ಬಿದ್ದುಹೋಗಿತ್ತು. "ಮನಿ ಭಣಭಣ ಅಂತೈತಿ. ನಿಮ್ಮಪ್ಪ ಮೊನ್ನಿಂದ ಒಂದ ತಾಟ ಜಾಸ್ತಿ ತೆಗದ ಇಡಾಕ ಹತ್ಯಾನ, ಮರತು."

ಎರಡು ವರ್ಷದ ಹಿಂದೆ ಅವಳಿಗೆ ಅಂದ ಮಾತು ನೆನಪಾಗಿ ನನಗೆ ನಾಚಿಕೆಯಾಯಿತು. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. "ಯವ್ವಾ, ಅವತ್ತ ನಾ ನಿನಗ..." ಎನ್ನುವಷ್ಟರಲ್ಲಿ ಅವಳು, "ಹೂಂ, ಗೊತ್ತೈತಿ. ಹಾಲ ಕಾಸೀಯೇನು ಕೂಸಿಗೆ?" ಎಂದು ಮಾತು ತಿರುಗಿಸಿದಳು. ಮುಂದಿನ ವಾರ ಬುತ್ತಿಗಂಟು, ಹಸಿಮೆಣಸಿನಕಾಯಿ, ಒಂದು ಹೊಸ ಲಂಗ ತಗೊಂಡು ತಾನೇ ಬಸ್ಸು ಹತ್ತಿ ಬಂದಳು.

ಈಗ ಮಗಳು ಎರಡನೆಯ ಇಯತ್ತೆ. ಅವ್ವ ತಿಂಗಳಲ್ಲಿ ಎರಡು ಸಲವಾದರೂ ಬಂದು ನಾಲ್ಕು ದಿನ ಇರುತ್ತಾಳೆ. ಮೊನ್ನೆ ಬೆಳಿಗ್ಗೆ ನಾನು ಮಗಳ ಹೆರಳು ಹಾಕುತ್ತಿದ್ದೆ. ಪಕ್ಕದಲ್ಲಿದ್ದ ಫೋನು ಮೇಲಿಂದ ಮೇಲೆ ಸದ್ದು ಮಾಡುತ್ತಿತ್ತು. ಅರ್ಧ ಹೆಣೆದ ಹೆರಳನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಫೋನು ಎತ್ತಿಕೊಂಡೆ.

"ಇಡು ಅದನ್ನ," ಅಂದಳು ಅವ್ವ. "ಮೊದಲ ಹೆರಳ ಮುಗಸು."

"ಸಾಲಿ ಮೆಸೇಜ್ ಇರಬೇಕ ಬೇ."

"ಸಾಲಿ ಎಲ್ಲೂ ಓಡಿ ಹೋಗೂದಿಲ್ಲ."

ಫೋನನ್ನು ಬೋರಲು ಹಾಕಿ, ಎರಡೂ ಹೆರಳು ಹೆಣೆದು, ರಿಬ್ಬನ್ನು ಕಟ್ಟಿ, ಬೂಟು ಹಾಕಿ, ಡಬ್ಬಿ ತುಂಬಿ ಆದ ಮೇಲೆ ನೋಡಿದೆ. ನೀರಿನ ಪೈಪು ಒಡೆದದ್ದರಿಂದ ಮಗಳ ಶಾಲೆಗೆ ಇವತ್ತು ರಜೆಯೆಂದು ಅವಳ ಶಿಕ್ಷಕಿ ಬರೆದಿದ್ದರು.

ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಅದರಿಂದ ಏನೂ ಕಿರಿಕಿರಿಯಾಗಲಿಲ್ಲ. "ಛಲೋ ಆತು, ಹೆರಳ ನೀಟ ಆಗ್ಯಾವ" ಅಂದಳು. ಮಗಳು ಬೂಟು ಅತ್ತಿತ್ತ ಎಸೆದು, ಡಬ್ಬಿ ತಗೊಂಡು ಆಯಿಯ ತೊಡೆಯ ಮೇಲೆ ಹೋಗಿ ಕೂತಳು. ಇಬ್ಬರೂ ಅಲ್ಲೇ ಡಬ್ಬಿ ತೆರೆದು ಉಪ್ಪಿಟ್ಟು ತಿನ್ನತೊಡಗಿದರು. ನನ್ನ ಶಾಲೆಗೆ ರಜೆ ಇರಲಿಲ್ಲ, ನಾನು ಹೊರಟೆ.