ಕಾಯಿಸಿದ್ದಕ್ಕೆ ಬಂದ ದುಡ್ಡು

2023ರ ಡಿಸೆಂಬರ್ ಮೂವತ್ತು, ಬೆಳಗಿನ ಆರೂವರೆ. ಮಲವಗೊಪ್ಪದ ಕಲ್ಲಮ್ಮನವರ ಮನೆಯ ಜಗಲಿಯಲ್ಲಿ ಮುಸರ್ರತ್ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಏಳೂವರೆಗೆ ಕಲ್ಲಮ್ಮ ಶಿವಮೊಗ್ಗದ ಹೋಟೆಲೊಂದಕ್ಕೆ ಪಾತ್ರೆ ತೊಳೆಯಲು ಹೊರಡಬೇಕು. ಅಷ್ಟರೊಳಗೆ ಅವರ ಮೊಬೈಲಿಗೆ ಬರುವ ಒಟಿಪಿ ಸಿಗಬೇಕು. ಮೊಬೈಲು ಮಾತ್ರ ಸೆರಗಿನೊಳಗೆ ಭದ್ರವಾಗಿದೆ.

ಕಲ್ಲಮ್ಮನ ಗಂಡ ಉಜ್ಜನಪ್ಪ ಲಾರಿ ಬಡಿದು ತೀರಿಕೊಂಡವರು. ಏಳು ವರ್ಷ ಕೋರ್ಟಿಗೆ ಅಲೆದ ಮೇಲೆ ಪರಿಹಾರ ಬಂತು, ಜೊತೆಗೆ ಬಡ್ಡಿ. ಬಡ್ಡಿಯಲ್ಲಿ ಇಪ್ಪತ್ತನಾಲ್ಕು ಸಾವಿರವನ್ನು ವಿಮಾ ಕಂಪನಿಯವರು ತೆರಿಗೆಯೆಂದು ಮುರಿದುಕೊಂಡರು. ಇಷ್ಟು ಕಡಿಮೆ ಆದಾಯದವರಿಗೆ ಆ ತೆರಿಗೆ ಇಲ್ಲವೇ ಇಲ್ಲ. ಆದರೆ ನಾಳೆಯೊಳಗೆ ರಿಟರ್ನ್ ಸಲ್ಲಿಸಿ ಕೇಳಿದರಷ್ಟೇ ವಾಪಸು.

ಭದ್ರಾವತಿ ಹಳೇನಗರದ ಮುಸರ್ರತ್ ಶಿವಮೊಗ್ಗದ ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟವರು. ಅಂಗಡಿ ತೆರೆಯುವ ಮುಂಚೆ, ಹೀಗೆ ಬಡ್ಡಿಯಲ್ಲಿ ತೆರಿಗೆ ಮುರಿಸಿಕೊಂಡವರ ಮನೆಗಳ ಸುತ್ತಾಟ. ಈ ವರ್ಷ ಮೂವತ್ತೊಂದು ಮನೆ ಆಗಿವೆ. ನೂರು ರೂಪಾಯಿ ಶುಲ್ಕ, ಅದೂ ಕೊಟ್ಟರೆ. ರಿಟರ್ನಿನ ಪ್ರತಿ ಸಾಲನ್ನೂ ಓದಿ ಹೇಳದೆ ಒಟಿಪಿ ಕೇಳುವುದಿಲ್ಲ ಎಂಬ ಹಠ ಬೇರೆ. ಆ ಹಠವೇ ಇಲ್ಲಿ ಅವರಿಗೆ ತೊಡಕಾಗಿದೆ. 'ಆದಾಯ' ಎಂಬ ಸಾಲು ಕೇಳಿದಾಗಲೆಲ್ಲ ಕಲ್ಲಮ್ಮ ಎದ್ದು ಹೋಗುತ್ತಾರೆ. ಎರಡು ಸಲ ಹೀಗಾಗಿದೆ.

"ನಮ್ಮನೆಯವ್ರು ಸತ್ತಿದ್ದು ನಂಗೆ ಆದಾಯ ಅಂತ ನಾನೇ ಬರ್ಕೊಡ್ಲಾ? ಬ್ಯಾಡ ಮಾರಾಯ್ತಿ, ಆ ದುಡ್ಡೇ ಬ್ಯಾಡ."

ಓದದೆ ಮುಂದೆ ಸರಿಸಿದ್ದರೆ ಎರಡು ನಿಮಿಷದ ಕೆಲಸ. ಮುಸರ್ರತ್‌ಗೆ ಅದು ಒಗ್ಗದು. ಲ್ಯಾಪ್‌ಟಾಪನ್ನು ಕಲ್ಲಮ್ಮನ ಕಡೆ ತಿರುಗಿಸುತ್ತಾರೆ.

"ನೋಡಿ ಕಲ್ಲಮ್ಮಕ್ಕ, ಉಜ್ಜನಪ್ಪಣ್ಣಂಗೆ ಅಂತ ಕೊಟ್ಟ ದುಡ್ಡನ್ನ ಈ ಸಾಲಿಗೆ ನಾನು ಸೇರಿಸೇ ಇಲ್ಲ. ಅದಕ್ಕೆ ತೆರಿಗೆ ಇಲ್ಲ. ಇಲ್ಲಿರೋದು ಬಡ್ಡಿ ಮಾತ್ರ. ಏಳು ವರ್ಷ ನಿಮ್ಮನ್ನ ಕಾಯಿಸಿದ್ರಲ್ಲ, ಅದಕ್ಕೆ ಕೊಟ್ಟಿದ್ದು. ಆ ಅಲೆದಾಟ ನಿಮ್ದೇ ತಾನೆ?"

ಕಲ್ಲಮ್ಮ ಪರದೆಯ ಹತ್ತಿರ ಬಂದು ಕೂರುತ್ತಾರೆ. ಕೆಲಸ ಬಿಟ್ಟು ಕೋರ್ಟಿಗೆ ಹೋದ ದಿನಗಳ ಕೂಲಿ ಯಾರೂ ಕೊಡಲಿಲ್ಲ ಎನ್ನುತ್ತಾರೆ. ಆಮೇಲೆ ಸೆರಗಿನಿಂದ ಮೊಬೈಲು ತೆಗೆದು, ಆರು ಅಂಕಿಗಳನ್ನು ಒಂದೊಂದಾಗಿ ಓದುತ್ತಾರೆ.

ಮುಸರ್ರತ್‌ಗೆ ಈ ಕೆಲಸ ಯಾರೂ ಒಪ್ಪಿಸಿದ್ದಲ್ಲ. ಅವರ ತಂದೆ ಮೆಕ್ಯಾನಿಕ್, ಅಪಘಾತದಲ್ಲೇ ಹೋದವರು. ತಾಯಿಗೆ ಬಂದ ಬಡ್ಡಿಯಲ್ಲೂ ತೆರಿಗೆ ಮುರಿದಿದ್ದರು. ಗೊತ್ತಾಗುವಷ್ಟರಲ್ಲಿ ಗಡುವು ದಾಟಿತ್ತು. ತೀರ್ಪಿನ ದಿನವೇ ಯಾರಾದರೂ ಇಷ್ಟು ಹೇಳಿ ಕಳಿಸಿದರೆ ಸಾಕು, ತಮ್ಮ ಓಡಾಟವೇ ಬೇಕಿಲ್ಲ ಎಂಬುದು ಅವರ ಆಸೆ. ರಿಟರ್ನ್ ಸಲ್ಲಿಸುತ್ತಲೇ ಇದನ್ನೆಲ್ಲ ಕಲ್ಲಮ್ಮನಿಗೂ ಹೇಳುತ್ತಾರೆ.

ಬಸ್ಸಿಗೆ ಹೊರಟ ಕಲ್ಲಮ್ಮ ಬಾಗಿಲಲ್ಲಿ ನಿಂತು, ನಿಮ್ಮಮ್ಮನಿಗೆ ಯಾರೂ ಹೇಳಲಿಲ್ಲವೇ ಎಂದು ಕೇಳುತ್ತಾರೆ.

"ಅಮ್ಮಂಗೆ ಹೇಳೋರಿರ್ಲಿಲ್ಲ," ಎನ್ನುತ್ತ ಮುಸರ್ರತ್ ಲ್ಯಾಪ್‌ಟಾಪ್ ಮುಚ್ಚುತ್ತಾರೆ. "ನಿಮಗೆ ಹೇಳಿದ್ನಲ್ಲ."