ವಾಲ್ವಿನ ಊಟ

ಅವ್ವನ ತೋಳಿನ ಮೇಲಿನ ನೀಲಿ ಕಲೆ ಮೊದಲು ನನ್ನ ಕಣ್ಣಿಗೇ ಬಿತ್ತು. ಆಫೀಸಿನ ಕ್ಯಾಬಿಗೆ ಕಾಯುತ್ತ ಬಾಗಿಲಲ್ಲಿ ನಿಂತಿದ್ದೆ. ಡಬ್ಬಿ ಕೊಡಲು ಬಂದವಳ ಸೆರಗು ಜಾರಿತು.

"ಇದೇನಬೇ?"

"ಬಳಿ ಒತ್ತ್ಯಾವ. ಹೊಸಾವು ಹಂಗ."

ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಬಳೆ ಇರುವುದು ಮಣಿಕಟ್ಟಿನಲ್ಲಿ, ಕಲೆ ಇರುವುದು ಮೊಣಕೈ ಮೇಲೆ, ನಿನ್ನ ಸಾಕ್ಷಿ ನಿಲ್ಲುವುದಿಲ್ಲ ಎಂದೆ.

"ನಿನ್ನ ಕೋರ್ಟು ಸಂಜಿಗೆ ಹಚ್ಚು. ಗಾಡಿ ಬಂತು ನೋಡು."

ಸಂಜೆ ಮಾದಾಪುರದ ಆಫೀಸಿನಿಂದ ಕುಷಾಯಿಗೂಡದ ಮನೆಗೆ ಮರಳಿದಾಗ ಅವಳು ಮೋರಿಯ ಮುಂದೆ ಬಗ್ಗಿ ಕೂತಿದ್ದಳು. ಅಪ್ಪ ಒದ್ದೆ ಟವೆಲ್ ಹಿಡಿದು ನಿಂತಿದ್ದರು.

ಮೂಗಿನ ರಕ್ತ ನಿಲ್ಲುತ್ತಿರಲಿಲ್ಲ.

ಅವ್ವನ ಎದೆಯಲ್ಲಿ ಲೋಹದ ವಾಲ್ವ್ ಇದೆ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಹೃದಯದ ಕವಾಟವನ್ನು ಕೆಡಿಸಿತ್ತು. ಎರಡು ವರ್ಷದ ಹಿಂದೆ ಆಪರೇಷನ್ ಮಾಡಿ ಬದಲಿಸಿದರು. ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದು, ಅದಕ್ಕೇ ದಿನವೂ ವಾರ್ಫರಿನ್ ಮಾತ್ರೆ. ರಕ್ತ ಎಷ್ಟು ತೆಳುವಾಗಿದೆ ಎಂದು ಆಗಾಗ ಐಎನ್ಆರ್ ಪರೀಕ್ಷೆ. ಅದು ಮೂರರ ಆಸುಪಾಸಿನಲ್ಲಿರಬೇಕು.

ಆ ದಿನ ಆಸ್ಪತ್ರೆಯಲ್ಲಿ ನೋಡಿದಾಗ ಎಂಟು ದಾಟಿತ್ತು.

ಎಮರ್ಜೆನ್ಸಿಯಲ್ಲಿದ್ದ ಯುವ ಡಾಕ್ಟರು ಹೊಸದಾಗಿ ಏನಾದರೂ ಔಷಧಿ ಶುರು ಮಾಡಿದ್ದೀರಾ ಎಂದು ತೆಲುಗಿನಲ್ಲಿ ಕೇಳಿದರು. "ಲೇದು" ಎಂದಳು ಅವ್ವ. ಅವರು ಆಚೆ ತಿರುಗಿದ್ದೇ ತಡ, ನನ್ನ ಕೈ ಹಿಚುಕಿದಳು.

"ಉರಿಮೂತ್ರ ಆಗಿತ್ತು. ತಾರ್ನಾಕದ ಬಾಯಾರು ಗುಳಿಗಿ ಕೊಟ್ಟಾರ. ಈ ಹುಡುಗನ ಮುಂದ ಅದನ್ನ ಹೆಂಗ ಹೇಳ್ಲಿ?"

ಈ ತೆಲುಗು ಊರಿನ ನಮ್ಮ ಕನ್ನಡ ಮನೆಗಳಲ್ಲಿ ಕಾಯಿಲೆಗೂ ಭಾಷೆಯುಂಟು. ಹೃದಯ, ಮೂಳೆಯಂಥ ದೊಡ್ಡ ವಿಷಯಗಳು ದೊಡ್ಡ ಆಸ್ಪತ್ರೆಯಲ್ಲಿ, ತೆಲುಗಿನಲ್ಲಿ. ಹೊಟ್ಟೆ, ಜ್ವರ, ಹೆಂಗಸರ ತೊಂದರೆಗಳು ತಾರ್ನಾಕದ ಕ್ಲಿನಿಕ್ಕಿನಲ್ಲಿ, ಅವ್ವ ಬಾಯಾರು ಎನ್ನುವ ಬೀದರ್ ಕಡೆಯ ಲೇಡಿ ಡಾಕ್ಟರ್ ಮುಂದೆ, ಕನ್ನಡದಲ್ಲಿ. ಎರಡು ಬಸ್ಸು ಬದಲಿಸಿಯಾದರೂ ಅವ್ವ ಅಲ್ಲಿಗೇ ಹೋಗುತ್ತಾಳೆ. ಒಂದೇ ದೇಹದ ಅರ್ಧ ಸುದ್ದಿ ಅಲ್ಲಿ, ಅರ್ಧ ಇಲ್ಲಿ.

ನಾನೇ ಡಾಕ್ಟರಿಗೆ ಹೇಳಿದೆ. ಅಪ್ಪ ಮನೆಗೆ ಓಡಿ ಆ ಮಾತ್ರೆಯ ಸ್ಟ್ರಿಪ್ ತಂದರು. ಸಿಪ್ರೊಫ್ಲಾಕ್ಸಾಸಿನ್. ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವ ಆಂಟಿಬಯಾಟಿಕ್.

ಡಾಕ್ಟರು ವಿವರಿಸಿದರು. ವಾರ್ಫರಿನ್ನನ್ನು ದೇಹದಿಂದ ಕರಗಿಸಿ ಹೊರಹಾಕುವ ಕೆಲಸ ಲಿವರಿನದು. ಕೆಲವರಲ್ಲಿ ಈ ಆಂಟಿಬಯಾಟಿಕ್ ಆ ಕೆಲಸವನ್ನು ನಿಧಾನ ಮಾಡುತ್ತದೆ. ಜೊತೆಗೆ ಸೋಂಕಿನ ಜ್ವರದಲ್ಲಿ ಅವ್ವ ಸರಿಯಾಗಿ ಉಂಡಿರಲಿಲ್ಲ, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಊಟದಿಂದ ಸಿಕ್ಕಿರಲಿಲ್ಲ. ನಿನ್ನೆಯ ಮಾತ್ರೆ ಇನ್ನೂ ಒಳಗಿರುವಾಗಲೇ ಇವತ್ತಿನದು ಬಂದು ಸೇರುತ್ತದೆ. ಎರಡೂ ಒಳ್ಳೆಯ ಔಷಧಿಗಳೇ, ಒಟ್ಟಿಗೆ ಬಂದದ್ದೇ ತೊಂದರೆ.

"ಹಾಗಾದರೆ ತಕ್ಷಣ ವಿಟಮಿನ್ ಕೆ ಕೊಟ್ಟು ರಕ್ತ ಗಟ್ಟಿ ಮಾಡಿ" ಎಂದೆ.

"ಜಾಸ್ತಿ ಗಟ್ಟಿಯಾದರೆ ವಾಲ್ವ್ ಮೇಲೆ ಹೆಪ್ಪುಗಟ್ಟುತ್ತದೆ."

"ಕೊಡದಿದ್ದರೆ?"

"ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು."

ಎರಡೂ ಕಡೆಯಿಂದ ವಾದಿಸಿ ಗೆದ್ದ ಅಭ್ಯಾಸ ನನಗಿತ್ತು. ಎರಡು ಕಡೆಯೂ ಅವ್ವನ ಸಾವೇ ಕೂತಿರುವ ಚರ್ಚೆ ಇದೇ ಮೊದಲು. ಎಷ್ಟು ಕೊಡುತ್ತೀರಿ, ಅಷ್ಟೇ ಏಕೆ, ತಪ್ಪಿದರೆ ಏನು ಮಾಡುತ್ತೀರಿ ಎಂದು ಕೇಳುತ್ತಲೇ ಹೋದೆ. ಆ ಮನುಷ್ಯ ಒಮ್ಮೆಯೂ ಸಿಡುಕಲಿಲ್ಲ. ಗೊತ್ತಿದ್ದದ್ದನ್ನು ಗೊತ್ತು ಎಂದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ನನ್ನಂಥ ಸಂಶಯದವಳಿಗೆ ಅದಕ್ಕಿಂತ ದೊಡ್ಡ ಧೈರ್ಯ ಇರಲಿಲ್ಲ. ವಾರ್ಫರಿನ್ ನಿಲ್ಲಿಸಿ, ವಿಟಮಿನ್ ಕೆ ಸ್ವಲ್ಪವೇ ಕೊಟ್ಟು, ಸೋಂಕಿಗೆ ಬೇರೆ ಆಂಟಿಬಯಾಟಿಕ್ ಶುರು ಮಾಡಿ, ಮತ್ತೆ ಮತ್ತೆ ರಕ್ತ ಪರೀಕ್ಷಿಸಿದರು.

ಮೂಗಿನ ರಕ್ತ ನಿಂತಿತು. ಐಎನ್ಆರ್ ಇಳಿಯತೊಡಗಿತು.

ಭಯ ಇಳಿದ ಜಾಗಕ್ಕೆ ಸಿಟ್ಟು ಬಂತು. ಮರುದಿನ ತಾರ್ನಾಕದ ಡಾಕ್ಟರಿಗೆ ಫೋನ್ ಮಾಡಿದೆ. ಹೇಳುವುದಕ್ಕೆ ಒಂದಲ್ಲ ಹತ್ತು ಅಂಶ ಸಿದ್ಧವಾಗಿದ್ದವು. ಎರಡನ್ನು ಕೇಳಿಸಿಕೊಳ್ಳುವಷ್ಟರಲ್ಲಿ ಅವರು "ಯಾವ ವಾರ್ಡು? ಬರ್ತೀನಿ" ಎಂದರು.

ಬಂದರು. ಕ್ಲಿನಿಕ್ ಮುಚ್ಚಿ, ಬಿಸಿಲಲ್ಲಿ, ಆಟೋದಲ್ಲಿ. ಬಂದವರಿಗೆ ಕೂರಿ ಎಂದೂ ಹೇಳದೆ ಶುರು ಮಾಡಿದೆ.

"ಬ್ಯಾರೆ ಔಷಧ ಏನರೆ ತಗೋತೀರೇನು ಅಂತ ಒಂದ ಮಾತು ಕೇಳಬೇಕಿತ್ತಲ್ರೀ?"

"ಕೇಳೀನಿ."

ನಾನು ನಂಬಲಿಲ್ಲ. ಅವ್ವನ ಕಡೆ ತಿರುಗಿದೆ.

"ಹೌದು, ಕೇಳಿದ್ರು. ಇಲ್ಲ ಅಂದೆ" ಎಂದಳು ಅವ್ವ.

"ಯಾಕಬೇ?"

"ಅದೆಲ್ಲಿ ಔಷಧ? ಅದು ವಾಲ್ವಿನ ಊಟ."

ಆಪರೇಷನ್ ಆಗಿ ಮನೆಗೆ ಕಳಿಸುವಾಗ ನರ್ಸಮ್ಮ ಅವಳಿಗೆ ತಿಳಿಹೇಳಿದ್ದರಂತೆ. ರೋಗ ವಾಸಿಯಾದರೆ ಔಷಧಿ ಬಿಡುತ್ತೀರಿ, ಇದನ್ನು ಬಿಡುವಂತಿಲ್ಲ, ವಾಲ್ವಿಗೆ ದಿನದ ಊಟ ಅಂದುಕೊಳ್ಳಿ, ಉಪವಾಸ ಕೆಡವಬೇಡಿ. ಅವ್ವ ಸೋಮವಾರದ ಉಪವಾಸ ಹಿಡಿಯುವವಳು. ತಾನು ಉಪವಾಸವಿದ್ದಾಗಲೂ ವಾಲ್ವನ್ನು ಉಪವಾಸ ಕೆಡವಲಿಲ್ಲ. ಆ ಮಾತೇ ಅವಳನ್ನು ಉಳಿಸಿತ್ತು. ಆ ಮಾತೇ ಅವಳನ್ನು ಇಲ್ಲಿ ಮಲಗಿಸಿತ್ತು. ಯಾರ ಮೇಲೆ ಹೊರಿಸಲಿ ಆರೋಪವನ್ನು?

ಡಾಕ್ಟರ್ ಬಾಯಾರು ಅವ್ವನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಆಪರೇಷನ್ ಆಗಿದ್ದು ನನಗ ಗೊತ್ತಿದ್ದಿಲ್ಲ. ಆದ್ರ ಅವತ್ತು ಇದನ್ನ ಇಟ್ಟಿದ್ರ ವಾಲ್ವೇ ಟಿಕ್ ಟಿಕ್ ಅಂತ ನನಗ ಹೇಳ್ತಿತ್ತು ತಂಗಿ. ಹೊರಗ ಭಾಳ ಮಂದಿ ಕುಂತಿದ್ರು, ಹೊಟ್ಟಿ ಅಷ್ಟ ಮುಟ್ಟಿ ನೋಡಿ ಕಳಿಸಿದೆ. ತಪ್ಪು ನಂದು."

ಎದುರಾಳಿ ಹೀಗೆ ಒಪ್ಪಿಕೊಂಡದ್ದನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ. ಉಳಿದ ಅಂಶಗಳನ್ನು ಅಲ್ಲೇ ಕೈಬಿಟ್ಟೆ.

"ತಪ್ಪಿನ ಪಂಚಾಯ್ತಿ ಸಾಕು. ಬಿಸಿಲಾಗ ಬಂದಾರ, ಮೊದಲ ಚಾ ತರ್ಸು" ಎಂದಳು ಅವ್ವ.

ತರಿಸಿದೆ. ಮೂವರೂ ಕುಡಿದೆವು.

ಈಗ ಅವ್ವ ಮನೆಯಲ್ಲಿದ್ದಾಳೆ. ವಾರ್ಫರಿನ್ ಮತ್ತೆ ಶುರುವಾಗಿದೆ, ಐಎನ್ಆರ್ ಸದ್ಯಕ್ಕೆ ಹದದಲ್ಲಿದೆ. ಸದ್ಯಕ್ಕೆ ಎನ್ನುವುದನ್ನು ಬಿಡಲು ನನಗೆ ಧೈರ್ಯವಿಲ್ಲ. ತೋಳಿನ ಕಲೆ ಹಳದಿಗೆ ತಿರುಗಿ ಮಾಯವಾಯಿತು. ತಾರ್ನಾಕದ ಕ್ಲಿನಿಕ್ಕಿನಲ್ಲಿ ಈಗ ಎಲ್ಲರ ಎದೆಗೂ ಸ್ಟೆತಾಸ್ಕೋಪ್. "ಕಾಲಾಗ ಮುಳ್ಳು ನಟ್ಟವರದೂ ಎದಿ ನೋಡಾಕತ್ತಾರ" ಎಂದು ಅವ್ವ ನಗುತ್ತಾಳೆ.

ಮೊನ್ನೆ ಕೆಮ್ಮಿನ ಸಿರಪ್ಪಿಗೆಂದು ಮೆಡಿಕಲ್ ಶಾಪಿಗೆ ಹೋಗಿದ್ದೆವು. ಅಂಗಡಿಯವನು ಬಾಟಲಿಗೆ ಕೈ ಹಾಕುವ ಮೊದಲೇ ಅವ್ವ ತನ್ನ ಮುರುಕು ಹಿಂದಿಯಲ್ಲಿ ಜೋರಾಗಿ ತಡೆದಳು: "ಠೈರೋ ಭಯ್ಯಾ, ಪಹಲೇ ಮೇರೇ ದಿಲ್ ಕೀ ಬಾತ್ ಸುನೋ!"

ಮೊದಲು ನನ್ನ ಹೃದಯದ ಮಾತು ಕೇಳು ಎಂದದ್ದು ಸಿನಿಮಾ ಡೈಲಾಗಿನಂತೆ ಕೇಳಿ ಸುತ್ತ ನಿಂತವರು ನಕ್ಕರು. ಅವಳು ನಗಲಿಲ್ಲ. ವಾಲ್ವಿನಿಂದ ಹಿಡಿದು ಉರಿಮೂತ್ರದವರೆಗೆ ಅಷ್ಟೂ ಗಂಡಸರ ಮುಂದೆ ಪೂರ್ತಿ ಹೇಳಿದಳು. ಅಂಗಡಿಯವನು ಬಾಟಲಿಯನ್ನು ಕೆಳಗಿಟ್ಟು, ಕಿವಿಗೊಟ್ಟು ಕೇಳಿದ.

ಪಕ್ಕದಲ್ಲಿ ನಿಂತಿದ್ದ ನಾನು ಸೇರಿಸುವುದಕ್ಕೆ ಅವಳು ಏನನ್ನೂ ಉಳಿಸಿರಲಿಲ್ಲ.