ತಲೆಯ ಮೇಲಿನ ಒತ್ತು

ಕನ್ನಡದಲ್ಲಿ ಒತ್ತು ಅಕ್ಷರದ ಕಾಲ ಬುಡದಲ್ಲಿ ವಿನಯದಿಂದ ಕೂತಿರುತ್ತದೆ, ಸ್ಪ್ಯಾನಿಷಿನಲ್ಲಿ ತಲೆಯ ಮೇಲೇ ಹತ್ತಿ ಕೂರುತ್ತದೆ. ಕೊಟ್ಟೂರಿನ ಮಕ್ಕಳಿಗೆ ಲಘು-ಗುರು ಕಲಿಸಿಯೇ ನಿವೃತ್ತಳಾದ ನನಗೆ ಈ ಸತ್ಯದ ದರ್ಶನ ಮಾಡಿಸಿದವಳು ಸೊಸೆ ಶೈಲಾ. ಹಂಪಿಗೆ ಬರುವ ಸ್ಪೇನಿನ ಪ್ರವಾಸಿಗರಿಗೆ ಗೈಡ್ ಆಗಬೇಕೆಂಬುದು ಅವಳ ಹಟ. ಹೊಸಪೇಟೆಯ ಪ್ರವಾಸ ಸಂಸ್ಥೆಯೊಂದು ಫೋನಿನಲ್ಲೇ ಸಂದರ್ಶನ ಇಟ್ಟುಕೊಂಡಿತ್ತು. ಫೋನಿನ ಪಾಠದಲ್ಲಿ ತನಗೆ ಅರ್ಥವಾಗದ ಸ್ಪ್ಯಾನಿಷ್ ಕ್ರಿಯಾಪದಗಳನ್ನೆಲ್ಲ ಅವಳು ಅಡುಗೆಮನೆಗೆ ತಂದು ನನ್ನೆದುರು ಸುರಿಯತೊಡಗಿದಳು.

ಛಂದಸ್ಸು ಬಲ್ಲವಳಿಗೆ ಇದೇನು ಮಹಾ ಎಂಬ ಜಂಬದಿಂದ ನಾನೂ ಪ್ರಸ್ತಾರ ಹಾಕಲು ಕೂತೆ. 'ಆಬ್ಲೊ' ಎಂಬಲ್ಲಿ ಮೊದಲಕ್ಷರವನ್ನು ಒತ್ತಿದರೆ 'ಮಾತಾಡುತ್ತೇನೆ', ಎರಡನೆಯದನ್ನು ಒತ್ತಿದರೆ 'ಅವನು ಮಾತಾಡಿದ'. ಸ್ವರದಲ್ಲೋ ನಕಾರ ಸಕಾರಗಳಲ್ಲೋ ಪದ ಮುಗಿದರೆ ಒತ್ತು ಉಪಾಂತ್ಯಕ್ಕೆ, ಅಂದರೆ ಕೊನೆಯದರ ಹಿಂದಿನ ಅಕ್ಷರಕ್ಕೆ, ಇಲ್ಲವಾದರೆ ಅಂತ್ಯಕ್ಕೆ, ತಲೆಯ ಮೇಲೆ ಗೀಟಿದ್ದರೆ ನಿಯಮಗಳಿಗೆಲ್ಲ ರಜೆ. 'ತಿನ್ನುತ್ತಿದ್ದ' ಎನ್ನಲು 'ಕೊ-ಮಿ-ಅ' ಎಂದು ಮೂರು ತುಂಡು, 'ತಿಂದ' ಎನ್ನಲು 'ಕೊ-ಮ್ಯೊ' ಎಂದು ಎರಡೇ. ತಿಂದು ಮುಗಿಸಿದ ಮೇಲೆ ಒಂದು ತುಂಡು ಕಡಿಮೆಯಾಗುವುದು ನ್ಯಾಯವೇ ಇರಬಹುದು, ಆದರೆ ನನ್ನ ತಲೆ ಕೆಟ್ಟುಹೋಯಿತು.

ಪಂಕ್ತಿಭೇದ ಅರಿಯದ ಶೈಲಾ ಎಲ್ಲ ಅಕ್ಷರಗಳಿಗೂ ಸಮನಾಗಿ ಬಡಿಸುತ್ತಿದ್ದಳು. ನಾನು ರೇಗಿದೆ. ಗಂಟಲಿಗೆ ಜೀವವಿಲ್ಲವೇ, ನನ್ನ ಶಾಲೆಯ ದಡ್ಡರೇ ಮೇಲು ಎಂದೆಲ್ಲ ಅಂದುಬಿಟ್ಟೆ.

ಅವಳು ಮೆಲ್ಲಗೆ ಹೇಳಿದಳು: "ನಿಮ್ಮ ಸಿಟ್ಟು ಎಲ್ಲಾ ಅಕ್ಷರದ ಮ್ಯಾಲೂ ಬೀಳತೈತ್ರಿ ಅತ್ತಿ. ಒಂದರ ಮ್ಯಾಲೆ ಒತ್ತೋದು ನಿಮಗೂ ಬರಂಗಿಲ್ಲ."

ಮಾತು ನಿಜವಾಗಿತ್ತು, ಹಾಗಾಗಿಯೇ ಉರಿಯಿತು. ಅಂದಿನಿಂದ ಅವಳು ಅಭ್ಯಾಸಕ್ಕೆ ಫೋನು ಹಿಡಿದು ಮಾಳಿಗೆ ಹತ್ತತೊಡಗಿದಳು. ನಾನು ಒಲೆಯೆದುರು ಒಬ್ಬಳೇ ಒತ್ತುತ್ತ ಕೂತೆ. ರೊಟ್ಟಿಗಳು ಅಂಚಿನಲ್ಲಿ ಹರಿದವು, ಭೂತಕಾಲ ಮಾತ್ರ ಬಾಯಿಗೆ ಬರಲಿಲ್ಲ.

ಸಂದರ್ಶನದ ದಿನ ಅವಳು ಮಾಳಿಗೆ ಹತ್ತಲಿಲ್ಲ, ನನ್ನ ಪಕ್ಕದಲ್ಲೇ ಬಂದು ಕೂತಳು. ಅತ್ತಲಿಂದ ಒಬ್ಬ ಹೆಂಗಸು ಪಟಪಟನೆ ಕೇಳುತ್ತಿದ್ದಳು, ಇವಳು ತಡೆತಡೆದು ಉತ್ತರಿಸುತ್ತಿದ್ದಳು. ಕಡೆಯ ಪ್ರಶ್ನೆಗೆ ಮಾತ್ರ ನನ್ನತ್ತ ನೋಡಿ, 'ಎನ್-ಸೆ-ನ್ಯೊ' ಎಂದು ಮುಗಿಯುವ ಮಾತೊಂದನ್ನು ಹೇಳಿದಳು. ಧ್ವನಿ ಕೊನೆಯ ಅಕ್ಷರದ ಮೇಲೆ ಗಟ್ಟಿಯಾಗಿ ಕಾಲೂರಿತು. ಅತ್ತ ಕಡೆಯ ಹೆಂಗಸು ನಕ್ಕು ಶಾಭಾಸ್ ಅಂದಳೆಂದು ಭಾಷೆ ಬಾರದ ನನಗೂ ತಿಳಿಯಿತು. ಮುಂದಿನ ವಾರದಿಂದಲೇ ಬರಲು ಹೇಳಿದರಂತೆ.

ಆ ಹೆಂಗಸು ಕಡೆಗೆ ಏನು ಕೇಳಿದಳೆಂದು ವಿಚಾರಿಸಿದೆ.

"ಯಾರು ಕಲಿಸಿದ್ರು ಅಂತ ಕೇಳಿದ್ಳು. ನಮ್ಮ ಅತ್ತಿ ಕಲಿಸಿದ್ರು ಅಂದೆ. ಒತ್ತು ತಪ್ಪಿದ್ರ 'ನಾನು ಕಲಿಸ್ತೀನಿ' ಅಂತ ಆಗತಿತ್ತು ನೋಡ್ರಿ."

ನಾನು ಒಲೆಯತ್ತ ಮುಖ ತಿರುಗಿಸಿದೆ. ಒತ್ತು ಇನ್ನೂ ಸ್ವಲ್ಪ ಬೇಕಿತ್ತು ಎಂದು ಸಿಡುಕಿದೆ.